ಘಾಟಿಲ್ಲದ ಮೆಣಸಿನಕಾಯಿ

ಘಾಟು ಬರಲಿಲ್ಲ. ಬಸವಣ್ಣೆಮ್ಮ ಕೆಂಡದ ಮೇಲೆ ಬಾಗಿ ನೋಡಿದಳು. ಮೊಮ್ಮಗನಿಗೆ ನಿವಾಳಿಸಿ ಹಾಕಿದ ಒಣಮೆಣಸಿನಕಾಯಿ ಚಟಪಟ ಅಂದು ಕಪ್ಪಗಾಗುತ್ತಿದ್ದವು, ಹೊಗೆಯೂ ಎದ್ದಿತ್ತು, ಕಣ್ಣಲ್ಲಿ ನೀರೂ ಬಂತು. ಮೂಗಿಗೆ ಮಾತ್ರ ಏನೂ ತಾಗಲಿಲ್ಲ. ದೃಷ್ಟಿ ಬಿದ್ದಿದ್ದರೆ ಮೆಣಸಿನಕಾಯಿ ಘಾಟು ಬಿಡುವುದಿಲ್ಲ ಎಂಬುದನ್ನು ಅವಳು ಬುದ್ಧಿ ಬಂದಾಗಿನಿಂದ ನಂಬಿದ್ದಳು. ಜೀವ ತಣ್ಣಗಾಯಿತು. ಹಾಗಾದರೆ ಕೂಸು ಬೆಳಗಿನಿಂದ ರಚ್ಚೆ ಹಿಡಿದದ್ದು ದೃಷ್ಟಿಯಿಂದ, ಕೊರೊನಾದಿಂದ ಅಲ್ಲ.

“ನಿಮ್ಮಪ್ಪನ ಕಣ್ಣೇ ತಾಗೈತಿ ನಿನಗ,” ಎಂದು ಮೊಮ್ಮಗ ಮಾಳಿಂಗರಾಯನನ್ನು ತೊಡೆಯ ಮೇಲೆಳೆದುಕೊಂಡಳು.

ಕೂಸಿನ ಅಪ್ಪ ವಿರೇಶ ಹಟ್ಟಿ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿಯುವವನು. ಎರಡನೆಯ ಅಲೆ ಎದ್ದಾಗ ಹೆಂಡತಿ ಜಯಶ್ರೀಯನ್ನೂ ಕೂಸನ್ನೂ ಗುರುಗುಂಟಾಕ್ಕೆ, ತಾಯಿಯ ಹತ್ತಿರ ತಂದುಬಿಟ್ಟಿದ್ದ. ಆಮೇಲೆ ಬಂದಾಗಲೆಲ್ಲ ಬೈಕನ್ನು ಬೇವಿನ ಮರದ ಕೆಳಗೇ ನಿಲ್ಲಿಸಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಕಣ್ತುಂಬ ಮಗನನ್ನು ನೋಡಿ ಹೋಗುತ್ತಿದ್ದ. “ಯವ್ವಾ, ನನ್ನೂ ಒಳಗ ಬಿಡಬ್ಯಾಡ, ಯಾರ್ನೂ ಬಿಡಬ್ಯಾಡ. ಕೂಸಿನ ಜ್ವಾಪಾನ ನಿನ್ನ ಕೈಯಾಗೈತಿ,” ಅಂದಿದ್ದ.

ಆ ಮಾತನ್ನು ಅವಳು ತಲೆಯ ಮೇಲೆ ಹೊತ್ತುಕೊಂಡಳು. ಕೋಲು ಹಿಡಿದು ಹೊಸ್ತಿಲಲ್ಲಿ ಕೂತಳೆಂದರೆ ಕೋಳಿಮರಿಗೂ ಒಳಗೆ ಹೋಗುವ ಧೈರ್ಯವಿರಲಿಲ್ಲ. ಹಾಲಿನವಳು ಚೊಂಬನ್ನು ಕಟ್ಟೆಯ ಮೇಲಿಟ್ಟು ದೂರ ಸರಿಯಬೇಕು. ಎದುರುಮನೆಯ ಗೆಳತಿ ಗ್ಯಾನಮ್ಮನನ್ನೂ ಅಂಗಳದಿಂದಲೇ ಅಟ್ಟಿದ್ದಳು. “ಹಟ್ಟಿ ಬಂಗಾರೆಲ್ಲ ನಿಮ್ಮ ಮನ್ಯಾಗೈತೇನಬೇ?” ಎಂದು ಗ್ಯಾನಮ್ಮ ಕೆಣಕಿದರೆ ಒಳಗೊಳಗೇ ಹಿಗ್ಗುತ್ತಿದ್ದಳು.

ಹೊಸ್ತಿಲು ದಾಟಿ ಊರು ಬಿಟ್ಟು ಹೋದವಳು ಅವಳೊಬ್ಬಳೇ, ಅದೂ ಒಂದೇ ಸಲ. ಹೋದ ವಾರ ಮಸ್ಕಿಯಲ್ಲಿ ಅಕ್ಕ ತೀರಿಕೊಂಡಿದ್ದಳು. ಬರೀ ಜ್ವರ ಅಂದಿದ್ದರು. ಮಣ್ಣಿಗೆ ಹೋಗಿ ಬಂದವಳು ಬಾಗಿಲಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬಂದಳು. “ಅತ್ತಿ, ನಾಕು ದಿನ ಕೂಸಿನ್ನ ಮುಟ್ಟಬ್ಯಾಡ್ರಿ,” ಎಂದು ಜಯಶ್ರೀ ಹೇಳಿದಾಗ ಸಿಟ್ಟು ನೆತ್ತಿಗೇರಿತ್ತು. “ನಾ ಏನು ಹೊರಗಿನಾಕೇನು?” ಎಂದು ಆಗಲೇ ಕೂಸನ್ನು ಎತ್ತಿಕೊಂಡಿದ್ದಳು.

ಈಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅದೇ ಸೊಸೆ ಮೂಗಿಗೆ ಸೆರಗು ಒತ್ತಿಕೊಂಡು, ಕೆಮ್ಮುತ್ತ ಒಳಗೆ ಓಡಿಬಂದಳು.

“ಎಷ್ಟು ಮೆಣಸಿನಕಾಯಿ ಹಾಕೀರಿ ಅತ್ತಿ? ಹಿತ್ತಲದಾಗೂ ನಿಲ್ಲಾಕ ಆಗವಲ್ದು.”

ಗ್ಯಾನಮ್ಮನ ದನಿಯೂ ಓಣಿಯಿಂದ ಬಂತು. “ಏನ್ ಘಾಟಬೇ ಬಸವಣ್ಣೆಮ್ಮ, ಓಣಿನೇ ಕೆಮ್ಮಾಕತ್ತೈತಿ.” ತೊಡೆಯ ಮೇಲಿನ ಕೂಸೂ ಕೆಮ್ಮಿ ಅತ್ತಿತು.

“ನಿನಗ ಘಾಟು ಬಂತಾ?” ಬಸವಣ್ಣೆಮ್ಮ ಮೆಲ್ಲಗೆ ಕೇಳಿದಳು.

“ಯಾಕ, ನಿಮಗ ಬರವಲ್ದಾ?”

ಬಸವಣ್ಣೆಮ್ಮ ಮೊಮ್ಮಗನ ನೆತ್ತಿಗೆ ಮೂಗು ಒತ್ತಿದಳು. ಬೆಳಿಗ್ಗೆ ತಾನೇ ಎಣ್ಣೆ ಹಚ್ಚಿ ಎರೆದ ತಲೆ. ಹಾಲು, ಎಣ್ಣೆ, ಬೆವರು ಕೂಡಿದ ಆ ವಾಸನೆಗಾಗಿಯೇ ಅವಳು ದಿನಕ್ಕೆ ಹತ್ತು ಸಲ ಅವನನ್ನು ಎತ್ತಿಕೊಳ್ಳುತ್ತಿದ್ದಳು. ಈಗ ಗೋಡೆಗೆ ಮೂಗಿಟ್ಟಂತಿತ್ತು. ನಿನ್ನೆ ಸಾರು ಸಪ್ಪಗಿದೆಯೆಂದು ಸೊಸೆಯನ್ನು ಬೈದದ್ದು ನೆನಪಾಯಿತು. ಮಧ್ಯಾಹ್ನ ಜೋಳದ ರೊಟ್ಟಿಯನ್ನು ತನ್ನ ಬಾಯಲ್ಲಿ ಅಗಿದು, ಮೆತ್ತಗೆ ಮಾಡಿ, ಕೂಸಿನ ಬಾಯಿಗಿಟ್ಟದ್ದೂ ನೆನಪಾಯಿತು.

ಅವನನ್ನು ನೆಲದ ಮೇಲಿಳಿಸಿ, ಕೋಲು ತೆಗೆದುಕೊಂಡು ಹೊಸ್ತಿಲು ದಾಟಿದಳು. ಮಗ ಬಂದು ನಿಲ್ಲುತ್ತಿದ್ದ ಬೇವಿನ ಬುಡಕ್ಕೆ ಹೋಗಿ ಕೂತಳು.

“ವಿರೇಶಗ ಫೋನ್ ಹಚ್ಚು. ಕೂಸಿನ್ನ ದವಾಖಾನಿಗೆ ತೋರಸ್ರಿ,” ಎಂದಳು. ಆಮೇಲೆ, “ನೀ ಅವತ್ತ ಹೇಳಿದ್ದಿ,” ಎಂದಳು.

ಜಯಶ್ರೀ ಫೋನು ತೆಗೆದು ಹಚ್ಚಿದಳು. ಆ ಕಡೆಯಿಂದ ವಿರೇಶ ಎತ್ತಲಿಲ್ಲ, ಪಾಳಿಗೆ ಕೆಳಗಿಳಿದಿರಬೇಕು. ಅವಳು ಮತ್ತೆ ಮತ್ತೆ ಹಚ್ಚುತ್ತಿದ್ದಳು.

ಅಷ್ಟರಲ್ಲಿ ಕೂಸು ತಪ್ಪುಹೆಜ್ಜೆ ಇಡುತ್ತ ಹೊಸ್ತಿಲಿಗೆ ಬಂದು ಅಜ್ಜಿಯ ಕಡೆಗೆ ಎರಡೂ ಕೈ ಚಾಚಿತು. ಬಸವಣ್ಣೆಮ್ಮ ಕೋಲು ಎತ್ತಿದಳು. ಅಳು ಒತ್ತರಿಸಿ ಬರುತ್ತಿದ್ದರೂ ಮುಖ ಗಂಟಿಕ್ಕಿ ಹೆದರಿಸಿದಳು. ಕೂಸಿಗೆ ಅದು ಆಟ. ಅದು ಕೇಕೆ ಹಾಕಿ ನಕ್ಕಿತು.

ಮೆಣಸಿನಕಾಯಿ ಬೂದಿಯಾಗಿ ಬಹಳ ಹೊತ್ತಾಗಿತ್ತು. ಜಯಶ್ರೀಯ ಸೆರಗು ಮೂಗಿನಿಂದ ಜಾರಿತ್ತು, ಘಾಟು ಇಳಿಯಿತೆಂದು ಗ್ಯಾನಮ್ಮನೂ ಬಾಗಿಲು ತೆರೆದು ಕೂತಿದ್ದಳು. ನಗುನಗುತ್ತಲೇ ಕೂಸು ಮತ್ತೆ ಕೆಮ್ಮಿತು.