ಎರಡನೇ ಸೂಜಿ

ಮಳೆ ಸತತ ಎರಡನೇ ವರ್ಷ ಕೈಕೊಟ್ಟಿತ್ತು. ದೀಪಾವಳಿ ಮುಗಿಯುತ್ತಲೇ ಔರಾದಿನ ಹಳ್ಳಿಗಳ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡಲು ಸಿದ್ಧರಾದರು. ಹಿಂದಿನ ವರ್ಷ ಅಲ್ಲಿನ ಜೋಪಡಿಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತಿದ್ದವು. ಈ ಸಲ ಹೊರಡುವ ಮೊದಲೇ ಲಸಿಕೆ ಹಾಕಬೇಕೆಂದು ನಿರ್ಧಾರವಾಯಿತು. ನರ್ಸುಗಳು ಸಾಲದೆ ಬೀದರಿನ ಫಾರ್ಮಸಿ ವಿದ್ಯಾರ್ಥಿಗಳಿಗೂ ತರಬೇತಿ ಕೊಟ್ಟರು.

ಹಲಬರ್ಗಾದ ಪ್ರಮಿಲಾ ಅವರಲ್ಲೊಬ್ಬಳು. ಕಲಿಸಿದವರು ಹಿರಿಯ ನರ್ಸ್ ಅನಸೂಯಾಬಾಯಿ. ಮೊದಲು ಮೋಸಂಬಿಗೆ ಚುಚ್ಚಿಸಿದರು. ಆಮೇಲೆ ಭಾಲ್ಕಿಯ ಆಸ್ಪತ್ರೆಯಲ್ಲಿ ತಮ್ಮ ಕಣ್ಣೆದುರೇ ಮಕ್ಕಳಿಗೆ ಹಾಕಿಸಿದರು.

"ಸೂಜಿ ಹಾಕೂದು ಎಲ್ಲಾರೂ ಕಲೀತಾರ. ಹಾಕಿದ ಮ್ಯಾಲ ಅರ್ಧ ತಾಸು ಕೂಸಿನ ಮಾರಿ ನೋಡ್ಕೋತ ಕೂಡ್ರಬೇಕು. ಎಲ್ಲೋ ಒಂದು ಕೂಸಿಗೆ ಲಸಿಕೆ ಒಗ್ಗಂಗಿಲ್ಲ, ಉಸಿರೇ ಕಟ್ತದ. ಆವಾಗ ತೊಡಿಗೆ ಅಡ್ರಿನಲಿನ್ ಹಾಕಬೇಕು, ತಡಾ ಮಾಡಬಾರ್ದು" ಎಂದು ಅದನ್ನೂ ತೋರಿಸಿಕೊಟ್ಟರು. ಕೊನೆಗೊಂದು ಎಚ್ಚರಿಕೆ ಕೊಟ್ಟರು: "ಆದ್ರ ಅದನ್ನ ನಾನೇ ಹಾಕ್ತೇನಿ. ನೀವು ಮುಟ್ಟಬ್ಯಾಡ್ರಿ."

ಹೊರಡುವ ದಿನ ಔರಾದಿನ ಮಾರ್ಕೆಟ್ ಯಾರ್ಡಿನಲ್ಲಿ ಕೂಲಿಗಳ ಟ್ರಕ್ ನಿಂತಿತ್ತು. ಪಾತ್ರೆ, ಹಾಸಿಗೆ, ಕುಡುಗೋಲು, ಆಡುಮರಿ ಎಲ್ಲ ಏರಿಯಾಗಿತ್ತು. ಲಸಿಕೆ ಮುಗಿಯುತ್ತ ಬಂದದ್ದರಿಂದ ಇನ್ನಷ್ಟು ತರಲು ಅನಸೂಯಾಬಾಯಿ ಜೀಪಿನಲ್ಲಿ ಊರಿನ ಆಸ್ಪತ್ರೆಗೆ ಹೋದರು. ಲಸಿಕೆ ಹಾಕುವ ಮೇಜಿನ ಬಳಿ ಪ್ರಮಿಲಾ ಮತ್ತು ಅವಳ ಸಹಪಾಠಿ ಅಯ್ಯುಬ ಉಳಿದರು.

ಜಿಜಾಬಾಯಿ ತನ್ನ ನಾಲ್ಕು ವರ್ಷದ ಮಗಳು ಮಂಗಲಾಳನ್ನು ಕರೆತಂದಳು. ಸೊಂಟದ ಮೇಲೆ ಚಿಕ್ಕ ಮಗನಿದ್ದ. ಪ್ರಮಿಲಾ ಹುಡುಗಿಗೆ ಲಸಿಕೆ ಹಾಕಿ, "ಇಲ್ಲೇ ನೆರಳಾಗ ಕೂಡ್ರಿ ಅಕ್ಕಾ. ಸಣ್ಣವನಿಗೆ ಆಮ್ಯಾಲ ಹಾಕ್ತೇನಿ" ಎಂದಳು.

ಕೂಲಿಗಳನ್ನು ಒಯ್ಯುವ ಮುಕಾದಮ ಏಕನಾಥ ಕೂಗಿದ: "ಏ ಬಾಯಿ, ಜಲ್ದಿ ಹತ್ತು! ಸೂಜಿ ಆಯ್ತಲ್ಲ?"

"ಅರ್ಧ ತಾಸು ಬಿಡಂಗಿಲ್ರಿ" ಎಂದು ಪ್ರಮಿಲಾ ಅಡ್ಡ ನಿಂತಳು.

"ಉಳದವ್ರೆಲ್ಲಾ ನಿನ್ನ ಸಲುವಾಗಿ ಕಾಯಬೇಕೇನು?"

ಜಿಜಾಬಾಯಿಯ ಗಂಡ ಮಾಣಿಕ ಮಗಳನ್ನು ಎತ್ತಿಕೊಳ್ಳಲು ಬಗ್ಗಿದ. ಅಷ್ಟರಲ್ಲಿ ಮಂಗಲಾ ಕೆಮ್ಮತೊಡಗಿದಳು. ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು. ತುಟಿ ಊದಿತು. ಉಸಿರು ಸೀಟಿ ಹೊಡೆದಂತೆ ಸದ್ದು ಮಾಡಿತು. ನೋಡನೋಡುತ್ತಲೇ ಹುಡುಗಿ ತಂದೆಯ ತೋಳಿನಲ್ಲಿ ಜೋತುಬಿದ್ದಳು.

"ಕೆಳಗ ಮಲಗಸ್ರಿ!" ಪ್ರಮಿಲಾ ಚೀರಿದಳು. "ಅಯ್ಯುಬ, ಮೇಡಂಗ ಫೋನ್ ಹಚ್ಚು. ಗಾಡಿ ಕರಿ."

"ಮೇಡಂ ಎತ್ತವಲ್ರು" ಎಂದ ಅಯ್ಯುಬ. ಅವಳು ಔಷಧದ ಡಬ್ಬಿ ತೆರೆದದ್ದು ಕಂಡು ಹತ್ತಿರ ಬಂದ. "ಪ್ರಮಿಲಾ, ಅದನ್ನ ಮುಟ್ಟಬ್ಯಾಡಂದಾರ. ಏನಾರ ಆದ್ರ?"

"ಅವರು ಬರೂತನಕ ಕೂಸು ಉಳಿಯಂಗಿಲ್ಲ."

ಅವಳು ಅಡ್ರಿನಲಿನ್ ಇದ್ದ ಪುಟ್ಟ ಗಾಜಿನ ಶೀಶೆಯ ತುದಿ ಮುರಿದು, ಕಲಿಸಿದಷ್ಟೇ ಅಳತೆಗೆ ಸಿರಿಂಜಿಗೆ ಎಳೆದುಕೊಂಡಳು. ಮಾಣಿಕ ಅವಳ ಮುಂಗೈ ಹಿಡಿದ.

"ಇನ್ನೊಂದು ಸೂಜಿ? ಒಂದು ಹಾಕೇ ಹಿಂಗ ಮಾಡಿದಿ! ಖರೆ ಹೇಳು, ನಿನ್ನ ಸೂಜಿಯಿಂದ ಆಯ್ತಿಲ್ಲೋ?"

ಸುತ್ತ ಜನ ಕವಿದಿದ್ದರು. ಇಲ್ಲವೆಂದರೆ ಅವನು ಕೈ ಬಿಡಬಹುದೆಂದು ಪ್ರಮಿಲಾಳಿಗೆ ಒಂದು ಕ್ಷಣ ಅನಿಸಿತು.

"ಹೌದ್ರಿ ಅಣ್ಣಾ, ಅದರಿಂದಲೇ ಆಯ್ತು" ಎಂದಳು. "ಇದಕ್ಕ ಮದ್ದು ಇದೊಂದೇ. ಕೈ ಬಿಡ್ರಿ."

ಹಿಡಿತ ಇನ್ನೂ ಬಿಗಿಯಾಯಿತು. ಆಗ ಜಿಜಾಬಾಯಿ ಸೊಂಟದ ಮಗುವನ್ನು ನೆಲಕ್ಕಿಳಿಸಿ, ಗಂಡನ ಬೆರಳುಗಳನ್ನು ಕಿತ್ತು ಬಿಡಿಸಿದಳು. "ಪೋರಿ ನೀಲಿ ಆಗ್ಲಾಕತ್ತಾಳ, ಕಾಣ್ಸಂಗಿಲ್ಲೇನು? ಹಾಕವ್ವ ನೀ!"

ಪ್ರಮಿಲಾ ತೊಡೆಗೆ ಸೂಜಿ ಒತ್ತಿದಳು. ಏನೂ ಆಗಲಿಲ್ಲ. ಯಾರೋ ಬೈದರು, ಯಾರೋ ತಮ್ಮ ಮಕ್ಕಳನ್ನು ಎಳೆದುಕೊಂಡು ಟ್ರಕ್ಕಿನತ್ತ ಓಡಿದರು. ಅವಳು ಹುಡುಗಿಯ ಕಾಲುಗಳನ್ನು ಒಂದು ಬಟ್ಟೆಗಂಟಿನ ಮೇಲೆ ಎತ್ತರಿಸಿಟ್ಟು ಎದೆಯನ್ನೇ ನೋಡುತ್ತ ಕುಳಿತಳು. ಕೊನೆಗೆ ಮಂಗಲಾ ಉದ್ದನೆಯ ಉಸಿರೆಳೆದಳು. ಮತ್ತೊಂದು. ಆಮೇಲೆ ಕ್ಷೀಣವಾಗಿ ಅತ್ತಳು.

ಜೀಪು ಬಂದಾಗ ಹುಡುಗಿ ತಾಯಿಯ ಸೆರಗು ಹಿಡಿದಿದ್ದಳು. ಅನಸೂಯಾಬಾಯಿ ನಾಡಿ ನೋಡಿ, ಒಡೆದ ಗಾಜು ನೋಡಿ, "ಎಷ್ಟು ಹಾಕ್ದಿ?" ಎಂದಷ್ಟೇ ಕೇಳಿದರು. ಪ್ರಮಿಲಾ ಹೇಳಿದಳು. "ಸರಿ ಅದ. ನಡಿ, ಗಾಡಿ ಹತ್ತು. ಒಮ್ಮೊಮ್ಮೆ ಉಬ್ಬಸ ಮತ್ತ ತಿರುಗಿ ಬರ್ತದ. ಇವತ್ತು ಆಸ್ಪತ್ರಿ ಬಿಡಂಗಿಲ್ಲ."

ಟ್ರಕ್ ಜಿಜಾಬಾಯಿಯ ಕುಟುಂಬವನ್ನು ಬಿಟ್ಟು ಹೊರಟಿತು. ಅದರಲ್ಲಿ ಲಸಿಕೆ ಹಾಕಿಸಿಕೊಳ್ಳದ ಮಕ್ಕಳೂ ಹೋದವು. ಅದು ಪ್ರಮಿಲಾಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಮಂಗಲಾ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದಳು. ಮಾಣಿಕ ಮುಖ ತಿರುಗಿಸಿ ನಿಂತಿದ್ದ. ಜಿಜಾಬಾಯಿ ಚಿಕ್ಕ ಮಗನ ತೋಳು ಮುಂದೆ ಚಾಚಿದಳು.

"ಇವನಿಗೂ ಹಾಕ್ರಿ. ಹ್ವಾದ ವರ್ಷ ನಮ್ಮ ನಾದಿನಿ ಕೂಸು ಅಲ್ಲೇ ಜೋಪಡ್ಯಾಗ ಹೋಯ್ತು. ನಾನೇ ತೊಡಿ ಮ್ಯಾಲ ಹಾಕ್ಕೊಂಡು ಕುಂತಿದ್ದೆ."

ಪ್ರಮಿಲಾ ಹಿಂದೆ ಸರಿದಳು. "ಮೇಡಂ, ನೀವೇ ಹಾಕ್ರಿ. ನನ್ನ ಕೈಲಿ ಆಗಂಗಿಲ್ಲ."

ಅನಸೂಯಾಬಾಯಿ ಡಾಕ್ಟರರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಆದರೆ ಸಿರಿಂಜನ್ನು ಕೊಟ್ಟದ್ದು ಪ್ರಮಿಲಾಳ ಕೈಗೇ.

ಹುಡುಗ ವಾರ್ಡಿಗೆಲ್ಲ ಕೇಳುವಂತೆ ಅತ್ತ. ಪ್ರಮಿಲಾಳೂ ಅತ್ತಳು. ಮಾಣಿಕ ಮಗನನ್ನು ಎತ್ತಿಕೊಂಡು, ಅರ್ಧ ತಾಸು ಕಾಯಲು ಅವಳ ಪಕ್ಕದ ಬೆಂಚಿನ ಮೇಲೆ ಬಂದು ಕುಳಿತ.