ಓರೆ ನಿಂತ ರಾಜ

“ಮನೆ ಅಳಿಯ ಬಂದ, ಹಲಗೆ ಎತ್ತಿಡ್ರಪ್ಪ. ಕುದುರೆ ಕಾಲಿಗೂ ಟೈರು ಹಾಕಿಬಿಡ್ತಾನೆ,” ಎಂದರು ನನ್ನ ಮಾವ ರಜ್ಮಿಕ್, ಅಂಗಳದ ಮಂಟಪದಲ್ಲಿ ಚದುರಂಗಕ್ಕೆ ಕೂತಿದ್ದ ಇಡೀ ಗುಂಪಿನ ಮುಂದೆ.

ಎಲ್ಲರೂ ನಕ್ಕರು. ಇನ್ನೊಬ್ಬನ ಮಾನ ಹೋಗುವಾಗ ನಗದವನು ನಮ್ಮ ಗ್ಯುಮ್ರಿ ಊರಲ್ಲಿ ಹುಟ್ಟಿಲ್ಲ. ತಾತನ ಪಕ್ಕದಲ್ಲಿದ್ದ ನನ್ನ ಮಗಳು ನ್ವಾರ್ದ್ ಮಾತ್ರ ತಲೆ ತಗ್ಗಿಸಿದಳು. ಅವಳೂ ನಕ್ಕಿದ್ದರೆ ವಾಸಿಯಿತ್ತು.

ಹೌದು, ಹೆಂಡತಿಯ ತವರಲ್ಲಿ ಬಿದ್ದಿರುವ ಗಂಡಸು ನಾನು. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಟೈರು ಅಂಗಡಿ ಸೇರಿದವನು. ನಾನು ಹೊರಬಿದ್ದ ಮೇಲೆ ಚದುರಂಗ ಶಾಲೆಯೊಳಗೆ ಬಂತು, ಗಣಿತದ ಹಾಗೆ ಅದೂ ಒಂದು ಪಾಠ. ಈಗ ಈ ಊರಲ್ಲಿ ಹಾಲುಹಲ್ಲು ಬಿದ್ದ ಮಕ್ಕಳಿಗೆ ಆಟ ಬರುತ್ತದೆ, ಎಲ್ಲ ಹಲ್ಲೂ ಬಿದ್ದ ಮುದುಕರಿಗೆ ಬರುತ್ತದೆ. ನಡುವೆ ದಂಡಪಿಂಡ ನಾನೊಬ್ಬ.

ಹಗಲು ಟೈರು, ಸಂಜೆ ಟ್ಯಾಕ್ಸಿ. ನಾನು ಮನೆ ಸೇರುವಾಗ ನ್ವಾರ್ದ್ ತಾತನ ಜೊತೆ ಆಡಿ ಮಲಗಿರುತ್ತಾಳೆ. ಒಂದು ಭಾನುವಾರ ನಾನೇ ಹಲಗೆ ಹಾಸಿ ಕರೆದೆ. “ಬೇಡಪ್ಪ, ನಿಂಗೆ ಬರಲ್ಲ. ತಾತ ಬರ್ಲಿ,” ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ಹೊರಗೆ ಹಿಮ ಬೀಳುತ್ತಿದೆ ಅಂತ ಹೇಳುವ ಹಾಗೆ.

ಅವತ್ತಿನಿಂದ ಫೋನಿನಲ್ಲಿ ಕಲಿಯತೊಡಗಿದೆ. ಜಾಕಿನ ಮೇಲೆ ಕಾರು ಏರುವಷ್ಟು ಹೊತ್ತು, ಗಿರಾಕಿ ಮೆಟ್ಟಿಲಿಳಿದು ಬರುವಷ್ಟು ಹೊತ್ತು. ಸೋತೆ, ಬೈಸಿಕೊಂಡೆ, ಮತ್ತೆ ಸೋತೆ. ಮಾವನನ್ನು ಒಂದೇ ಒಂದು ಸಲ ಅವಳ ಕಣ್ಣೆದುರು ಸೋಲಿಸಬೇಕು. ಆಮೇಲೆ ಅವಳು ಹಲಗೆ ಹಿಡಿದು ನನ್ನ ಹತ್ತಿರ ಬರುತ್ತಾಳೆ. ನನಗೆ ಬೇಕಿದ್ದದ್ದು ಅಷ್ಟೇ.

ಅದಕ್ಕೇ ಇವತ್ತು ಆ ಮಾತನ್ನು ನುಂಗಿಕೊಂಡು ಮಾವನ ಎದುರು ಕೂತೆ.

ಮೊದಮೊದಲು ಅವರು ನನ್ನ ಕಡೆ ನೋಡದೆ ಆಡಿದರು. ಆಮೇಲೆ ನೋಡತೊಡಗಿದರು. ಪಕ್ಕದ ಮನೆಯ ಓನಿಕ್, “ಯಾಕೋ ರಜ್ಮಿಕ್, ಕಾಫಿ ಆರ್ತಾ ಇದೆ, ಗಂಟಲಲ್ಲಿ ಇಳೀತಿಲ್ವಾ?” ಅಂತ ಕೆಣಕಿದ. ಮಾವನ ರಾಣಿ ನನ್ನ ಕುದುರೆಯ ಬಾಯಿಗೆ ಬಂದು ನಿಂತಿದ್ದಳು. ನ್ವಾರ್ದ್ ಅದನ್ನು ಕಂಡಿದ್ದಳು. ತಾತನ ಪಕ್ಕದಿಂದ ಎದ್ದು ಬಂದು ನನ್ನ ಹೆಗಲಿಗೆ ಒರಗಿಕೊಂಡಳು.

ನನ್ನ ರಾಜ ತನ್ನ ಚೌಕದ ಗೆರೆಯ ಮೇಲೆ ಓರೆಯಾಗಿ ನಿಂತಿದ್ದ. ಟೈರು ಅಂಗಡಿಯ ಕೈ ಇದು, ಓರೆಯಾದದ್ದನ್ನು ಕಂಡರೆ ಸುಮ್ಮನಿರುವುದಿಲ್ಲ. ಬೆರಳಲ್ಲಿ ಅವನನ್ನು ನಡುವಿಗೆ ಸರಿಸಿ, ಕುದುರೆಗೆ ಕೈ ಹಾಕಿದೆ.

“ರಾಜನ್ನ ಮುಟ್ಟಿದೆ,” ಎಂದರು ಮಾವ.

ನೇರ ಮಾಡಿದೆ ಅಷ್ಟೇ ಎಂದೆ. ಓನಿಕ್ ಹೋಗಲಿ ಬಿಡು ಎಂದ. ಮಾವ ಕೇಳಲಿಲ್ಲ, ಮಗುವನ್ನೇ ಕೇಳೋಣ ಎಂದರು. “ಹೇಳು ಪುಟ್ಟಿ, ನಿಮ್ಮ ಟೀಚರ್ ಏನು ಕಲಿಸಿದ್ದಾರೆ?”

ನನ್ನ ಹೆಗಲಿಗೆ ಒರಗಿದ್ದವಳು ಸರಿದು ನಿಂತಳು.

“ಮುಟ್ಟಿದ್ರೆ ನಡೆಸ್ಲೇಬೇಕು ಅಪ್ಪ. ಮುಟ್ಟೋಕೆ ಮುಂಚೆ ‘ಸರಿ ಮಾಡ್ತೀನಿ’ ಅನ್ಬೇಕಿತ್ತು.”

ಆ ಮಾತು ನನಗೆ ಎಲ್ಲಿಂದ ಗೊತ್ತಿರಬೇಕು? ಫೋನಿನಲ್ಲಿ ರಾಜ ಯಾವತ್ತೂ ಓರೆ ನಿಲ್ಲುವುದಿಲ್ಲ. ಇಲ್ಲಿಯ ಕೂಸುಗಳಿಗೆಲ್ಲ ಗೊತ್ತಿರುವ ಎರಡು ಪದ ನನಗೊಬ್ಬನಿಗೆ ಯಾರೂ ಹೇಳಿರಲಿಲ್ಲ. ರಾಜನನ್ನು ನಡೆಸಿದೆ. ರಾಣಿ ತಪ್ಪಿಸಿಕೊಂಡು ನನ್ನ ಆನೆಯನ್ನೇ ತಿಂದಳು. ಆಮೇಲೆ ಆಟ ಉಳಿಯಲಿಲ್ಲ. ಮಾವ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಜಾಗ ಬಿಡು, ಮಗು ಕೂತುಕೊಳ್ಳಲಿ ಎಂದರು.

ಎದ್ದೆ. ನ್ವಾರ್ದ್ ನನ್ನ ಜಾಗದಲ್ಲಿ ಕೂತು ಕಾಯಿಗಳನ್ನು ಜೋಡಿಸಿದಳು. ನನ್ನ ಮುಖ ನೋಡಿದಳು. ಕಾಯಿಲೆಯವರನ್ನು ನೋಡುವಾಗ ದೊಡ್ಡವರ ಮುಖದಲ್ಲಿ ಇರುತ್ತದಲ್ಲ, ಅದು ಅವಳ ಮುಖದಲ್ಲಿತ್ತು.

“ಬೇಜಾರು ಮಾಡ್ಕೋಬೇಡಪ್ಪ. ಇಲ್ಲೇ ನಿಂತು ನೋಡ್ತಿರು. ನಿನ್ನ ಪರವಾಗಿ ನಾನು ಗೆದ್ದುಕೊಡ್ತೀನಿ, ಆಯ್ತಾ?”

ನಾನು ಅಂಗಳ ದಾಟಿ ಬೀದಿಗೆ ನಡೆದೆ.