ಎರಡು ನೋಡಿನ ನಗು

ನಮ್ಮ ಮಾಲೀಕರಾದ ಗಂಗಾಧರ ಅವರು ಮೈಸೂರಿನವರು. ಉಪಚಾರ ಅವರಿಗೊಂದು ಕಾಯಿಲೆ. ಊಟಕ್ಕೆ ಕೂತವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಪಾಯಸ ಸುರಿಯುವ ಪೈಕಿ. ಅದು ಊಟದ ಮನೆಯಲ್ಲೇ ನಿಂತಿದ್ದರೆ ನನ್ನ ತಕರಾರಿರಲಿಲ್ಲ. ಚೆನ್ನೈ ಕೋಡಂಬಾಕ್ಕಂನ ನಮ್ಮ ಡಬ್ಬಿಂಗ್ ಸ್ಟುಡಿಯೋದ ಸರ್ವರ್ ಕೋಣೆಗೂ ಬಂತು.

"ಅಶ್ವಿತಾ, ನಾಳೆ ಮೌನ ಮೊದಲನೇ ಸಲ ಹೀರೋಯಿನ್‌ಗೆ ಕಂಠ ಕೊಡ್ತಾಳೆ. ಆ ಹುಡುಗಿ ಮಷಿನ್‌ಗೆ ಕೈ ಬಿಚ್ಚಿ ಕೊಡಮ್ಮ. ಪ್ರೊಸೆಸರು, ಮೆಮೊರಿ, ಎಲ್ಲಾ ಡಬಲ್!"

ಮಷಿನ್ ಎಂದರೆ ಬೇರೆ ಪೆಟ್ಟಿಗೆಯಲ್ಲ. ಒಂದೇ ದೊಡ್ಡ ಸರ್ವರಿನೊಳಗೆ ನಾನು ಪಾಲು ಮಾಡಿಟ್ಟ ವರ್ಚುವಲ್ ಮಷಿನ್. ಮೌನ ನೋಡಿಕೊಂಡು ಕಂಠ ಕೊಡುವ ಚಿತ್ರವನ್ನು ಪರದೆಯ ಮೇಲೆ ಓಡಿಸುವುದು ಅದೇ. "ಈಗಿರೋದೇ ಸಾಕು ಸಾರ್," ಅಂದೆ. ಕೇಳುವ ಆಸಾಮಿಯೇ? ಡಬಲ್ ಮಾಡಿದೆ.

ಮರುದಿನ ಮೌನಳ ಪಾಡು ನೋಡಲಾಗಲಿಲ್ಲ. ದೃಶ್ಯದಲ್ಲಿ ನಾಯಕಿಗೆ ಬಿದ್ದು ಬಿದ್ದು ನಗುವ ಕೆಲಸ. ಪರದೆಯ ಮೇಲೆ ಚಿತ್ರ ತಡೆತಡೆದು ಓಡುತ್ತಿತ್ತು. ಮೌನ ನಕ್ಕಾಗ ನಾಯಕಿಯ ಬಾಯಿ ಮುಚ್ಚಿರುತ್ತಿತ್ತು, ಅವಳು ಬಾಯಿ ತೆರೆದಾಗ ಮೌನ ಉಸಿರೆಳೆಯುತ್ತಿದ್ದಳು. ಒಮ್ಮೆಯಂತೂ ಆ ನಗು ಹೋಗಿ ನಾಯಕಿಯ ತಾತನ ಬಾಯಿಗೆ ಕೂತಿತು. ನಾನು ಕಿಸಕ್ಕೆಂದೆ. ಮೌನಳ ಕಣ್ಣು ತುಂಬಿದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡೆ.

ಚೆನ್ನೈಯಲ್ಲೇ ಹುಟ್ಟಿ ಬೆಳೆದ ಡೈರೆಕ್ಟರ್ ಹರಿಹರ ಹೆಡ್‌ಫೋನ್ ಕಿತ್ತಿಟ್ಟರು. "ಐಯೋ ಮುಡಿಯಲ ಸಾರ್, ನನ್ ಕೈಲಾಗಲ್ಲ! ಕಾಫಿ ಆದ್ಮೇಲೂ ಇದೇ ಥರ ಅಂದ್ರೆ ಬೇರೆ ಹುಡುಗೀನ ಕರೆಸಿಬಿಡಿ."

ಗಂಗಾಧರ ಅವರು ನನ್ನ ಕಡೆ ತಿರುಗಿದರು. "ಮಷಿನ್‌ಗೆ ಇನ್ನೂ ಸ್ವಲ್ಪ ಕೊಡಮ್ಮ!"

ನನಗೆ ಪಿತ್ತ ನೆತ್ತಿಗೇರಿತು. "ಕೊಟ್ಟಿದ್ದೇ ತಪ್ಪಾಗಿದೆ ಸಾರ್. ಸರ್ವರ್‌ನಲ್ಲಿ ಎರಡು ನೋಡ್ ಇದೆ."

"ಎರಡೇನು, ನಾಲ್ಕು ಸಲ ನೋಡು!"

"ನೋಡೋದಲ್ಲ ಸಾರ್, ನೋಡ್! ಎರಡು ಸಂಸಾರ ಅಂತಿಟ್ಕೊಳ್ಳಿ. ಒಂದೊಂದಕ್ಕೂ ಅದರದ್ದೇ ಪ್ರೊಸೆಸರ್, ಅದರದ್ದೇ ಮೆಮೊರಿ. ಮೌನನ ಮಷಿನ್ ಒಂದ್ರಲ್ಲಿ ಹಿಡೀದೆ ಎರಡಕ್ಕೂ ಹರಡ್ಕೊಂಡಿದೆ. ಒಲೆ ಈ ಮನೇಲಿ, ಸಾಸಿವೆ ಡಬ್ಬಿ ಪಕ್ಕದ ಮನೇಲಿ. ಪ್ರತಿ ಒಗ್ಗರಣೆಗೂ ಓಡ್ತಾ ಇದ್ರೆ ಎಣ್ಣೆ ಸೀದು ಹೋಗಲ್ವಾ?"

"ಹಾಗಂತ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದಾ? ಛೆ, ಛೆ!"

ಹರಿಹರರಿಗೆ ಎರಡನೇ ಲೋಟ ಕಾಫಿ ಬಲವಂತ ಮಾಡಲು ಅವರು ಹೋದದ್ದೇ ತಡ, ನಾನು ಸರ್ವರ್ ಕೋಣೆಗೆ ನುಗ್ಗಿದೆ. ಮಷಿನ್ ನಿಲ್ಲಿಸಿದೆ. ಪ್ರೊಸೆಸರ್ ಅರ್ಧ ಕಿತ್ತುಕೊಂಡೆ, ಮೆಮೊರಿ ಅರ್ಧ ಕಿತ್ತುಕೊಂಡೆ, ಉಳಿದದ್ದನ್ನು ಒಂದೇ ನೋಡಿಗೆ ಕಟ್ಟಿಹಾಕಿ ಮತ್ತೆ ಶುರು ಮಾಡಿದೆ. ಕಿತ್ತುಕೊಳ್ಳುವುದರಲ್ಲಿ ಇಷ್ಟು ಖುಷಿಯಿದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ಚಿತ್ರ ಸರಾಗವಾಗಿ ಓಡಿತು. ನಾಯಕಿ ಬಾಯಿ ತೆರೆದಳು, ಮೌನ ನಕ್ಕಳು. ನಾಯಕಿ ಹೊಟ್ಟೆ ಹಿಡಿದು ಬಾಗಿದಾಗ ಮೌನಳ ನಗುವೂ ಬಾಗಿ, ಉಸಿರು ಸಿಕ್ಕಿಕೊಂಡು, ಮತ್ತೆ ಉಕ್ಕಿತು. ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ ಹರಿಹರ ಕಣ್ಣೊರೆಸಿಕೊಂಡು ನಗುತ್ತಿದ್ದರು, ಗಂಗಾಧರ ಅವರು ಮೇಜು ಕುಟ್ಟಿ ನಗುತ್ತಿದ್ದರು, ನಾನು ನಗು ತಾಳದೆ ನೆಲದ ಮೇಲೆ ಕೂತೇ ಬಿಟ್ಟಿದ್ದೆ.

"ಸೂಪರ್ ಮ್ಮಾ! ಇಡೀ ಪಿಕ್ಚರ್‌ಗೆ ನೀನೇ!" ಎಂದರು ಹರಿಹರ.

ಮೌನ ಹೊರಗೆ ಬಂದು ನನ್ನ ಪಕ್ಕದಲ್ಲೇ ಕುಸಿದಳು. "ಬೆಳಗ್ಗೆಯಿಂದ ಬರ್ದೇ ಇದ್ದಿದ್ದು ಈಗ ಹೇಗ್ ಬಂತಕ್ಕಾ?"

"ನೀನು ಬೆಳಗ್ಗೆಯಿಂದ್ಲೂ ಹೀಗೇ ನಗ್ತಿದ್ದೆ ಕಣೇ. ಹಾಳಾದ ಮಷಿನ್ ಹಿಂದೆ ಬೀಳ್ತಿತ್ತು."

"ಅಂದ್ರೆ ನಂದೇನೂ ತಪ್ಪಿರ್ಲಿಲ್ವಾ?"

"ಒಂದು ಚೂರೂ ಇಲ್ಲ."

ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು ಅವಳಿಗೆ. ನನ್ನ ಹೆಗಲಿಗೆ ತಲೆಯಿಟ್ಟು ನಗುತ್ತಲೇ ಅತ್ತಳು.